ಕೈ ಎತ್ತದ ಮೇಸ್ತ್ರಿ

ಮೇಸ್ತ್ರಿ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಅವರನ್ನು ಮಣ್ಣು ಮಾಡಿದ ಹದಿನೈದು ದಿನಗಳ ಮೇಲೆ, ವಾಟ್ಸಾಪಿನಲ್ಲಿ ಬಂದ ಒಂದು ಚಿತ್ರವಾಗಿ. ಇಟಲಿಯ ಅವರ ಕಡೆಯ ಹಳ್ಳಿಗಳಲ್ಲಿ ಯಾರಾದರೂ ಸತ್ತರೆ ಫೋಟೋ ಸಮೇತ ಒಂದು ಹಾಳೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸುತ್ತಾರಂತೆ. ಆ ಗೋಡೆಯದೇ ಚಿತ್ರ. ಕೆಳಗೆ ಬರೆದದ್ದನ್ನು ಓದಲು ನನಗೆ ಬರುವುದಿಲ್ಲ. ಮುಖ ಮಾತ್ರ ಅವರದೇ, ಆದರೆ ಟೈ ಕಟ್ಟಿಸಿ ಹಾಳು ಮಾಡಿದ್ದರು. ನಾನು ಕಂಡ ಹನ್ನೊಂದು ವರ್ಷಗಳಲ್ಲಿ ಆ ಮನುಷ್ಯ ಒಮ್ಮೆಯೂ ಟೈ ಕಟ್ಟಿದವರಲ್ಲ. ಸಿಮೆಂಟಿನ ಕಲೆಯಿದ್ದ ನೀಲಿ ಅಂಗಿ, ಕಿಸೆಯಲ್ಲಿ ಅರ್ಧ ಪೆನ್ಸಿಲು, ಮೊಣಕಾಲಿಗೆ ಕಟ್ಟಿದ ರಬ್ಬರಿನ ಪಟ್ಟಿ, ಇಷ್ಟೇ ಅವರ ಉಡುಪು.

ಅವರಿಗೆ ಉದ್ದನೆಯ ಒಂದು ಹೆಸರಿತ್ತು. ನಾವು ಯಾರೂ ಅದರ ಗೋಜಿಗೆ ಹೋಗಲಿಲ್ಲ. ಊರಲ್ಲಿ ಮನೆ ಕಟ್ಟುವವರನ್ನು ಕರೆಯುವ ಹಾಗೆ ಮೊದಲ ದಿನವೇ ‘ಮೇಸ್ತ್ರಿ’ ಎಂದೆ. ಅವರು ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದರು. “ನನ್ನ ಅಮ್ಮನ ಮಾತಿನಲ್ಲೂ ಹಾಗೇ ಅನ್ನುವುದು” ಎಂದರು. ಅದು ನನ್ನನ್ನು ಖುಷಿಪಡಿಸುವ ಮಾತು ಇದ್ದೀತು ಅಂದುಕೊಂಡೆ. ಇಂಗ್ಲಿಷ್, ಹಿಂದಿ, ಅರಬ್ಬಿ ಮೂರನ್ನೂ ಒಟ್ಟಿಗೆ ಕಲಸಿದ್ದು ಅವರ ಮಾತು. ಇಲ್ಲಿ ಅದನ್ನು ನನಗೆ ತಿಳಿದ ಕನ್ನಡಕ್ಕೆ ಇಳಿಸಿದ್ದೇನೆ.

ನಾನು ಮಸ್ಕತ್ತಿನ ರೂವಿಯಲ್ಲಿ ಕಲ್ಲು ಮತ್ತು ಟೈಲ್ಸಿನ ಅಂಗಡಿಯೊಂದರ ಮ್ಯಾನೇಜರು. ಮೇಸ್ತ್ರಿ ಕಲ್ಲಿನ ಚೂರುಗಳನ್ನು ಜೋಡಿಸಿ ಚಿತ್ರ ಮಾಡುವವರು. ಹೋಟೆಲಿನ ಹಜಾರ, ಅಲ್ ಹೈಲಿನ ವಿಲ್ಲಾಗಳ ಅಂಗಳ, ಸೀಬಿನ ಒಬ್ಬ ಅರಬ್ ಶೇಖನ ಈಜುಕೊಳದ ತಳ, ಎಲ್ಲ ಅವರ ಕೈಯದು. ಮರದ ಕೊರಡಿಗೆ ಒಂದು ಉಳಿಯನ್ನು ಮೊನೆ ಮೇಲಾಗಿ ನೆಟ್ಟು, ಅದರ ಮೇಲೆ ಕಲ್ಲಿಟ್ಟು, ಬಾಗಿದ ಸುತ್ತಿಗೆಯಿಂದ ಒಂದೇ ಏಟು. ಕಲ್ಲು ಕಡಲೆಬೇಳೆಯ ಗಾತ್ರಕ್ಕೆ ಒಡೆಯುತ್ತಿತ್ತು. ಚೂರುಗಳನ್ನು ಬಣ್ಣ ಬಣ್ಣವಾಗಿ ಮೊಸರಿನ ಖಾಲಿ ಡಬ್ಬಗಳಲ್ಲಿ ತುಂಬಿಡುತ್ತಿದ್ದರು. ಡಬ್ಬದ ಮೇಲೆ ಇಂಥ ಬಣ್ಣ ಎಂದು ನಾನು ಚೀಟಿ ಅಂಟಿಸಹೋದರೆ ಕಿತ್ತು ಬಿಸಾಡುತ್ತಿದ್ದರು. “ನೀನು ಹಳದಿ ಅಂತ ಬರೆದರೆ ನಾಳೆಯಿಂದ ನನಗೆ ಅದು ಹಳದಿಯಾಗಿಯೇ ಕಾಣುತ್ತದೆ” ಎನ್ನುತ್ತಿದ್ದರು.

ವಿಚಿತ್ರವಾದ ಒಂದು ಅಭ್ಯಾಸ ಅವರಿಗಿತ್ತು. ಬಲಗೈಯನ್ನು ಭುಜಕ್ಕಿಂತ ಮೇಲೆ ಎತ್ತುತ್ತಿರಲಿಲ್ಲ. ರೂವಿಯ ರಸ್ತೆಯಲ್ಲಿ ಟ್ಯಾಕ್ಸಿ ನಿಲ್ಲಿಸಬೇಕಾದರೆ ಎಲ್ಲರೂ ಕೈ ಎತ್ತುತ್ತಾರೆ. ಇವರು ರಸ್ತೆಯಂಚಿಗೆ ನಿಂತು ತಲೆ ಆಡಿಸುವರು. ನಾಲ್ಕು ಟ್ಯಾಕ್ಸಿ ಮುಂದೆ ಹೋದ ಮೇಲೆ ಐದನೆಯದು ನಿಲ್ಲುವುದು. ಅಂಗಡಿಯಲ್ಲಿ “ಚಹಾ ಯಾರಿಗೆಲ್ಲ?” ಎಂದು ಕೇಳಿದರೆ ಎಲ್ಲರ ಕೈ ಮೇಲೆ ಹೋಗುತ್ತಿತ್ತು, ಮೇಸ್ತ್ರಿ ಬಾಯಿಯಲ್ಲಿ “ನನಗೂ” ಅನ್ನುತ್ತಿದ್ದರು. ಗೋಡೆಯ ಎತ್ತರದ ಕೆಲಸವಿದ್ದರೆ ಏಣಿಯಲ್ಲಿ ಇನ್ನೆರಡು ಮೆಟ್ಟಿಲು ಹತ್ತಿ ಕೈಯನ್ನು ಎದೆಯ ಮಟ್ಟಕ್ಕೆ ತಂದುಕೊಳ್ಳುತ್ತಿದ್ದರು.

“ಏನ್ರೀ ಮೇಸ್ತ್ರಿ, ಭುಜಾ ನೋಯ್ತೇತೇನು? ಡಾಕ್ಟರಿಗೆ ತೋರಿಸ್ರಿ” ಎಂದು ವಿಜಯಪುರದ ಎಂಜಿನಿಯರರು ಕೇಳುತ್ತಿದ್ದರು. ಈ ಎಂಜಿನಿಯರರು ನಮ್ಮ ಕಲ್ಲು ಕೊಳ್ಳುವ ಕಂಪೆನಿಯವರು, ದಿನಕ್ಕೊಮ್ಮೆ ಅಂಗಡಿಗೆ ಬಂದು ಚಹಾ ಕುಡಿದು ಹೋಗದಿದ್ದರೆ ಅವರಿಗೆ ಊಟ ರುಚಿಸುತ್ತಿರಲಿಲ್ಲ.

“ಭುಜ ಸರಿಯಾಗಿದೆ” ಎನ್ನುವರು ಮೇಸ್ತ್ರಿ. ಅಷ್ಟಕ್ಕೇ ಖಲಾಸ್.

ಕಾರಣ ಗೊತ್ತಾದದ್ದು ಮೂರನೆಯ ವರ್ಷ, ನನ್ನ ಮಗಳ ಶಾಲೆಯ ಫಾರ್ಮಿನಿಂದ. ಮೇಜಿನ ಮೇಲೆ ಫಾರ್ಮು ಹರಡಿಕೊಂಡು ಕೂತಿದ್ದೆ. ‘ಮಾತೃಭಾಷೆ’ ಎಂಬಲ್ಲಿ ಹತ್ತು ಹನ್ನೆರಡು ಭಾಷೆಗಳ ಪಟ್ಟಿ. ಕನ್ನಡವಿತ್ತು, ಮಲಯಾಳವಿತ್ತು. ನಾವು ಮನೆಯಲ್ಲಿ ಆಡುವ ಬ್ಯಾರಿ ಇರಲಿಲ್ಲ. ನಾನು ಕನ್ನಡಕ್ಕೆ ಗುರುತು ಹಾಕಿದೆ. ಕನ್ನಡ ನನಗೆ ಹೊರಗಿನದೇನಲ್ಲ. ಓದಿದ್ದು, ಬರೆದದ್ದು, ಜಗಳ ಕಾದದ್ದು ಎಲ್ಲ ಅದರಲ್ಲೇ. ಆದರೆ ನನ್ನ ಉಮ್ಮ ನನ್ನನ್ನು ಬೈದದ್ದು ಅದರಲ್ಲಿ ಅಲ್ಲ.

ಎದುರು ಕೂತಿದ್ದ ಎಂಜಿನಿಯರರು ಬಗ್ಗಿ ನೋಡಿದರು. “ಸರಿ ಮಾಡಿದ್ರಿ ಬಿಡ್ರಿ ಸಾಹೇಬ್ರ. ಬ್ಯಾರಿ ಅಂದ್ರ ಭಾಷಾ ಅಲ್ಲ ಅದು. ಅರ್ಧ ಮಲಯಾಳಂ, ಅರ್ಧ ತುಳು. ಬರೀ ಆಡು ಮಾತು.”

ನನಗೆ ಮೈ ಉರಿಯಿತು. ನಾನೇ ಬಿಟ್ಟದ್ದನ್ನು ಇನ್ನೊಬ್ಬರು ‘ಬಿಟ್ಟದ್ದು ಸರಿ’ ಎಂದರೆ ಉರಿಯುವುದು ಹೆಚ್ಚು. “ಹೌದಾ ಮಾರಾಯ್ರೆ? ನಿಮ್ಮ ಕನ್ನಡ ಕೇಳಿ ಬೆಂಗಳೂರಿನವರು ನಗಾಡುವುದಿಲ್ವಾ? ಆಗ ಎಂತ ಹೇಳ್ತೀರಿ ನೀವು?”

“ಅವ್ರಿಗೇನ್ ತಿಳೀತದರೀ! ನಮ್ದ ಖರೇ ಕನ್ನಡ!”

ಮೇಸ್ತ್ರಿ ಅಷ್ಟು ಹೊತ್ತೂ ಡಬ್ಬದಲ್ಲಿ ಬೆರಳಾಡಿಸುತ್ತ ಕೂತಿದ್ದರು. ನಾವು ಎಂತದಕ್ಕೆ ಕಚ್ಚಾಡುತ್ತಿದ್ದೇವೆ ಎಂದು ಕೇಳಿದರು. ಹೇಳಿದೆ. ಫಾರ್ಮು ತೆಗೆದುಕೊಂಡು ನೋಡಿದರು. “ಪಟ್ಟಿ ಯಾರ ಕೈಯಲ್ಲಿತ್ತು?” ಎಂದರು.

ಇದನ್ನು ಮುಂದೆ ಅವರ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ. ಯಾವುದು ಭಾಷೆ, ಯಾವುದು ಬರೀ ಆಡುಮಾತು ಎಂಬ ಚರ್ಚೆ ಬಂದಾಗಲೆಲ್ಲ ಅವರು ಕೇಳುತ್ತಿದ್ದದ್ದು ಇದೊಂದೇ ಪ್ರಶ್ನೆ. ಅಂದು ಎಂಜಿನಿಯರರು ಎದ್ದು ಹೋದ ಮೇಲೆ ನನಗೆ ಅದರ ಕಥೆ ಹೇಳಿದರು.

ಮೇಸ್ತ್ರಿಯ ಹಳ್ಳಿ ಇಟಲಿಯ ಈಶಾನ್ಯದಲ್ಲಿ, ಎರಡು ಮಾತುಗಳು ಕೂಡುವ ಗಡಿಯ ಮೇಲಿದೆ. ಅರ್ಧ ಊರು ಆಡುವುದು ಫುರ್ಲಾನ್, ಇನ್ನರ್ಧ ವೆನೆಟೊ. ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್ ಎಲ್ಲ ಹೇಗೆ ಲ್ಯಾಟಿನ್ನಿನ ಮಕ್ಕಳೋ ಇವೂ ಹಾಗೇ. ಆದರೆ ಶಾಲೆಯಲ್ಲಿ ಇಟಾಲಿಯನ್ ಒಂದೇ ಭಾಷೆ, ಉಳಿದದ್ದೆಲ್ಲ ಹಳ್ಳಿಯ ಮಾತು. ಮೇಸ್ತ್ರಿಯ ಅಮ್ಮ ಶಾಲೆಯ ಅಂಗಳದಲ್ಲಿ ಫುರ್ಲಾನ್ ಆಡಿದ್ದಕ್ಕೆ ಗೋಡೆಗೆ ಮುಖ ಮಾಡಿ ನಿಂತವರು. ಅವರಿಗೆ ಮುಪ್ಪು ಬರುವ ಹೊತ್ತಿಗೆ ಸರಕಾರಕ್ಕೆ ಬುದ್ಧಿ ಬಂತು. ಕಾಪಾಡಬೇಕಾದ ಸಣ್ಣ ಭಾಷೆಗಳ ಪಟ್ಟಿಯೊಂದನ್ನು ಮಾಡಿತು. ಫುರ್ಲಾನ್ ಪಟ್ಟಿಯೊಳಗೆ ಬಂತು. ವೆನೆಟೊ ಹೊರಗೆ ಉಳಿಯಿತು. ಯಾವ ಊರು ಫುರ್ಲಾನ್ ಊರು ಎಂಬುದನ್ನು ಆಯಾ ಊರಿನ ಪಂಚಾಯತಿಯೇ ಠರಾವು ಮಾಡಿ ತಿಳಿಸಬೇಕಿತ್ತು. ತಿಳಿಸಿದರೆ ಶಾಲೆಯಲ್ಲಿ ಆ ಭಾಷೆಯ ಪಾಠ, ರಸ್ತೆಯ ಫಲಕದ ಮೇಲೆ ಊರಿನ ಹಳೆಯ ಹೆಸರು.

ಆಗ ಮೇಸ್ತ್ರಿ ಪಂಚಾಯತಿಯ ಸದಸ್ಯರು. ಅಮ್ಮ ಫುರ್ಲಾನ್, ಹೆಂಡತಿ ವೆನೆಟೊ. “ನಿನ್ನ ಅಮ್ಮ ಆಡುವುದು ಭಾಷೆ, ನನ್ನ ಅಮ್ಮ ಆಡುವುದು ಬರೀ ಸದ್ದೋ?” ಎಂದು ಹೆಂಡತಿ ಕೇಳಿದಳು. ಒಂದೇ ಊರಿನ ನಡುವೆ ಗೆರೆ ಎಳೆಯುವುದು ಬೇಡ ಎಂದುಕೊಂಡು, ಠರಾವಿಗೆ ವಿರೋಧವಿದ್ದವರು ಕೈ ಎತ್ತಿ ಎಂದಾಗ ಅವರು ಬಲಗೈ ಎತ್ತಿದರು. ಒಂದೇ ಒಂದು ಮತದಿಂದ ಠರಾವು ಬಿದ್ದುಹೋಯಿತು. ಸಭೆ ನೋಡಲು ಬಂದಿದ್ದ ಅಮ್ಮ ಎರಡನೆಯ ಸಾಲಿನಲ್ಲಿ ಸಂತೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಆವತ್ತು ರಾತ್ರಿ ಊಟ ಬಡಿಸಿದರು” ಎಂದರು ಮೇಸ್ತ್ರಿ. “ಇಟಾಲಿಯನ್ನಿನಲ್ಲಿ. ಇನ್ನೊಂದು ತುಂಡು ಬೇಕೇ ಎಂದು ಕೇಳಿದರು, ಪಾದ್ರಿಯ ಹತ್ತಿರ, ಡಾಕ್ಟರ ಹತ್ತಿರ ಆಡುವ ಶಾಲೆಯ ಮಾತಿನಲ್ಲಿ. ಇದೇನಮ್ಮಾ ಎಂದೆ. ‘ನಿನ್ನ ಲೆಕ್ಕದಲ್ಲಿ ಅದು ಇಲ್ಲವಲ್ಲ, ಇಲ್ಲದ್ದರಲ್ಲಿ ಹೇಗೆ ಮಾತಾಡಲಿ?’ ಎಂದರು. ಅಲ್ಲಿಂದ ಇಲ್ಲಿಯವರೆಗೆ ನನ್ನ ಹತ್ತಿರ ಇಟಾಲಿಯನ್ನೇ.”

“ಹೆಂಡತಿ?”

“ಎರಡು ವರ್ಷದಲ್ಲಿ ಅವಳೂ ನನ್ನನ್ನು ಬಿಟ್ಟು ಹೋದಳು. ಬೇರೆ ಕಾರಣಕ್ಕೆ.” “ಇಬ್ಬರಿಗೂ ಆಗದ ಕೈ ಇದು” ಎಂದು ಬಲಗೈಯನ್ನು ಮೇಜಿನ ಮೇಲೆ ಇಟ್ಟು ತೋರಿಸಿದರು.

ಅವರು ಹೋದ ಮೇಲೆ ನಾನು ಫಾರ್ಮಿನಲ್ಲಿ ಕನ್ನಡದ ಗುರುತು ಹೊಡೆದು ಹಾಕಿ, ಪಕ್ಕದ ಖಾಲಿ ಜಾಗದಲ್ಲಿ ಕೈಬರಹದಲ್ಲಿ ‘ಬ್ಯಾರಿ’ ಎಂದು ಬರೆದೆ. ಶಾಲೆಯ ಕಂಪ್ಯೂಟರು ಅದನ್ನು ‘ಇತರೆ’ ಎಂದು ಮಾಡಿ ಕಳಿಸಿತು. “ಹೂ ಕೇರ್ಸ್, ಬಾಪಾ” ಎಂದಳು ಮಗಳು. ಅವಳ ಮಾತೃಭಾಷೆ ಯಾವುದೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಶುಕ್ರವಾರ ನಮಗೆ ರಜೆ. ಜುಮಾ ಮುಗಿಸಿ ನಾನು ಫ್ಲ್ಯಾಟಿಗೆ ಬರುವಷ್ಟರಲ್ಲಿ ಮೇಸ್ತ್ರಿ ಅಲ್ ಹೈಲಿನಿಂದ ಬಂದು ಬಾಗಿಲ ಹೊರಗೆ ನಿಂತಿರುತ್ತಿದ್ದರು. ನನ್ನ ಹೆಂಡತಿ ಮಾಡುವ ಬಂಗುಡೆ ಗಸಿ, ಅಕ್ಕಿ ರೊಟ್ಟಿ ಅವರಿಗೆ ಜೀವ. ಎರಡೂವರೆಗೆ, ಊಟದ ನಡುವೆಯೇ, ಊರಿಗೆ ಫೋನು. ಅಲ್ಲಿ ಆಗ ಅಡುಗೆಯ ಹೊತ್ತು. ಕೈಯೆಲ್ಲ ಗಸಿಯಾಗಿರುತ್ತಿದ್ದರಿಂದ ಫೋನು ಮೇಜಿನ ಮೇಲೆ, ಸ್ಪೀಕರಿನಲ್ಲಿ. ಮಗ ಫುರ್ಲಾನಿನಲ್ಲಿ ಕೇಳುವುದು, ಅಮ್ಮ ಇಟಾಲಿಯನ್ನಿನಲ್ಲಿ ಉತ್ತರಿಸುವುದು. ನನಗೆ ಎರಡೂ ಅರ್ಥವಾಗದಿದ್ದರೂ ಎರಡರ ಲಯ ಬೇರೆ ಎಂಬುದು ತಿಳಿಯುತ್ತಿತ್ತು. ಒಂದು ಬೇಡುವಂತೆ, ಇನ್ನೊಂದು ಬ್ಯಾಂಕಿನವರು ಮಾತಾಡುವಂತೆ. ಮೂರು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಆಮೇಲೆ ಮೇಸ್ತ್ರಿ ಮೀನಿನ ಮುಳ್ಳನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸುತ್ತ ಕೂರುವರು.

ಒಂದು ಶುಕ್ರವಾರ ನನಗೆ ಸುಮ್ಮನಿರಲಾಗಲಿಲ್ಲ. “ನಾನೊಂದು ಮಾತು ಆಡಲಾ?” ಎಂದೆ. ಮೇಸ್ತ್ರಿ ಫೋನು ಮಾಡುವ ಮೊದಲು ನನಗೆ ಫುರ್ಲಾನಿನಲ್ಲಿ ಒಂದು ವಾಕ್ಯ ಹೇಳಿಕೊಟ್ಟರು: ‘ಅಮ್ಮಾ, ನಿಮ್ಮಲ್ಲಿ ಬಿಸಿಲು ಬಂದಿದೆಯೇ?’ ಚಿಕ್ಕಂದಿನಲ್ಲಿ ಮದರಸದಲ್ಲಿ ಬಾಯಿಪಾಠ ಮಾಡಿದ ಹಾಗೆ ನಾಲ್ಕು ಸಲ ಹೇಳಿಕೊಂಡೆ. ಅಡುಗೆಮನೆಯಿಂದ ನನ್ನ ಹೆಂಡತಿ ನಗುತ್ತಿದ್ದಳು. ಆ ಕಡೆ ಫೋನು ಎತ್ತಿದ ಕೂಡಲೇ ಹೇಳಿಬಿಟ್ಟೆ.

ಆಮೇಲೆ ಶುರುವಾಯಿತು ನೋಡಿ. ಏಳೆಂಟು ನಿಮಿಷ ಉಸಿರು ಬಿಡದೆ, ಇಳಿದು ಏರಿ, ನಡುವೆ ನಗು, ನಡುವೆ ಯಾರಿಗೋ ಬೈಗುಳ. ಅದು ಬ್ಯಾಂಕಿನವರ ದನಿಯಾಗಿರಲಿಲ್ಲ. ನಾನು ಮೇಸ್ತ್ರಿಯ ಕಡೆ ನೋಡಿದೆ. ರೊಟ್ಟಿಯ ತುಂಡು ಹಿಡಿದ ಕೈ ಹಿಡಿದ ಹಾಗೇ ಇತ್ತು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈಯಲ್ಲಿ ಗಸಿ. ಹೆಂಡತಿ ಬಾಗಿಲಿಗೆ ಬಂದವಳು ಹಾಗೇ ಒಳಗೆ ಹೋದಳು. ಸ್ವಂತ ಅಮ್ಮನ ಮಾತು ಕೇಳಲು ಒಬ್ಬ ಬ್ಯಾರಿಯ ಬಾಯಿ ಸಾಲ ತೆಗೆದುಕೊಳ್ಳಬೇಕಾಯಿತಲ್ಲ ಎನಿಸಿತು.

“ಏನು ಹೇಳಿದರು?” ಎಂದು ಆಮೇಲೆ ಕೇಳಿದೆ.

“ಬಿಸಿಲಿಲ್ಲವಂತೆ. ಪಕ್ಕದ ಮನೆಯ ಕೋಳಿ ಬೀನ್ಸಿನ ಪಾತಿ ಕೆದರಿತಂತೆ. ಮೆಕ್ಕೆಜೋಳದ ಮುದ್ದೆ ತಳ ಹಿಡಿಯಿತಂತೆ, ನಿನ್ನಿಂದಾಗಿ.”

ಅಲ್ಲಿಂದ ಅದು ಶುಕ್ರವಾರದ ಕ್ರಮವಾಯಿತು. ನಾನು ಬಿಸಿಲಿನ ಪ್ರಶ್ನೆ ಕೇಳುವುದು. ಮೇಸ್ತ್ರಿ ಪಿಸುಗುಟ್ಟಿದ ಮುಂದಿನ ಪ್ರಶ್ನೆಯನ್ನು ಗಿಳಿಯ ಹಾಗೆ ಒಪ್ಪಿಸುವುದು. ಅಜ್ಜಿ ಹೇಳುವುದು, ಮಗ ಕೇಳುವುದು. ನಾನು ಯಾರೆಂದು ಕೇಳಿದಾಗ ‘ಮಸ್ಕತ್ತಿನವನು’ ಎನ್ನಲು ಕಲಿಸಿದ್ದರು, ಅಜ್ಜಿಗೆ ನಾನು ಅದೇ ಆದೆ. ಪಿಸುಮಾತು ಆಕೆಗೆ ಕೇಳುತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಯಾಕೆಂದರೆ ಫೋನು ಇಡುವ ಮೊದಲು ಆಕೆ ತಪ್ಪದೆ ಒಂದು ಮಾತು ಹೇಳುತ್ತಿದ್ದರು: “ಮಸ್ಕತ್ತಿನವನೇ, ನಿನ್ನ ಪಕ್ಕದಲ್ಲೊಬ್ಬ ಇಟಲಿಯವನು ಇದ್ದಾನಲ್ಲ, ಬಿಸಿಲಿಗೆ ಹೋಗುವಾಗ ಟೊಪ್ಪಿ ಹಾಕಿಕೊಳ್ಳಲು ಹೇಳು.”

ಮೇಸ್ತ್ರಿ ಅದನ್ನು ನನಗೆ ಅಕ್ಷರ ಬಿಡದೆ ಅನುವಾದಿಸಿ ಹೇಳುವರು. ನಾನು ಅವರಿಗೆ “ಟೊಪ್ಪಿ ಹಾಕಿಕೊಳ್ಳಿ” ಎನ್ನುವೆ. “ಸರಿ” ಎನ್ನುವರು. ಹೊರಗಿನವರು ನೋಡಿದರೆ ಮೂವರಿಗೂ ಹುಚ್ಚು ಎನ್ನುತ್ತಿದ್ದರು.

ಇದು ವರ್ಷಗಟ್ಟಲೆ ನಡೆಯಿತು. ನೇರವಾಗಿ ಕ್ಷಮೆ ಕೇಳಬಾರದೇ ಎಂದು ಒಮ್ಮೆ ಕೇಳಿದೆ. “ಕೇಳಿದೆ, ಎಷ್ಟೋ ಸಲ” ಎಂದರು. “ಇಟಾಲಿಯನ್ನಿನಲ್ಲಿ ‘ಪರವಾಗಿಲ್ಲ’ ಅನ್ನುತ್ತಾರೆ. ಆ ಪರವಾಗಿಲ್ಲ ನನಗೆ ಬೇಡ.” ಅವರಿಗೆ ಬೇಕಾಗಿದ್ದದ್ದು ಇಷ್ಟೇ: ಅಮ್ಮ ಸಾಯುವುದರೊಳಗೆ ಒಂದು ಸಲ ತನ್ನನ್ನೇ ನೋಡಿ, ತನ್ನ ಹತ್ತಿರವೇ, ಆ ಮಾತಿನಲ್ಲಿ ಬೈದರೂ ಸಾಕು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಹನ್ನೊಂದನೆಯ ವರ್ಷದ ಚಳಿಗಾಲದಲ್ಲಿ ಅಜ್ಜಿ ಮೆಟ್ಟಿಲಲ್ಲಿ ಬಿದ್ದರು. ಕಾಲು ಮುರಿದದ್ದಕ್ಕಿಂತ ತಲೆಗೆ ಪೆಟ್ಟಾದದ್ದು ಹೆಚ್ಚು. ಮೇಸ್ತ್ರಿ ಎರಡೇ ದಿನದಲ್ಲಿ ಹೊರಟರು. ಸೀಬಿನ ಮನೆಯೊಂದರ ನವಿಲು ಅರ್ಧಕ್ಕೇ ನಿಂತಿತು, ಕತ್ತು ಇತ್ತು, ಬಾಲವಿರಲಿಲ್ಲ. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ಗಾಜಿನ ಬಾಗಿಲು ದಾಟಿದ ಮೇಲೆ ತಿರುಗಿ ನೋಡಿದರು. ನಾನು ಕೈ ಎತ್ತಿ ಬೀಸಿದೆ. ಅವರು ತಲೆ ಆಡಿಸಿದರು.

ಮತ್ತೆ ಒಮಾನಿಗೆ ಬರಲಿಲ್ಲ. ಆಗಾಗ ಮೆಸೇಜು ಬರುತ್ತಿತ್ತು. ಅಮ್ಮನನ್ನು ನೋಡಿಕೊಳ್ಳಲು ಮೊಲ್ಡೋವಾದ ಒಬ್ಬ ಹೆಂಗಸನ್ನು ಇಟ್ಟಿದ್ದೇನೆ, ಅವಳು ಶಾಲೆಯಲ್ಲಿ ಓದುವಾಗ ಅವಳ ಭಾಷೆಗೆ ಮೊಲ್ಡೋವನ್ ಎನ್ನುತ್ತಿದ್ದರಂತೆ, ಈಗ ಅದೇ ಸರಕಾರ ರುಮೇನಿಯನ್ ಎನ್ನುತ್ತದಂತೆ, ‘ಬಾಯಿ ಮಾತ್ರ ನನ್ನದೇ ಉಳಿದಿದೆ’ ಎಂದು ನಗುತ್ತಾಳೆ ಎಂದು ಬರೆದಿದ್ದರು. ಮೊನ್ನೆ ಮೇಸ್ತ್ರಿಯ ಸಾವಿನ ಚಿತ್ರ ಕಳಿಸಿದವಳೂ ಅವಳೇ.

ಅವರು ಊರಿಗೆ ಹೋಗಿ ಐದು ತಿಂಗಳಾದ ಮೇಲೆ ಒಂದು ಶುಕ್ರವಾರ, ಸರಿಯಾಗಿ ಎರಡೂವರೆಗೆ ಮೇಸ್ತ್ರಿಯ ಫೋನು ಬಂತು. ನಾನು ಊಟಕ್ಕೆ ಕೂತಿದ್ದೆ.

“ಅಮ್ಮ ಹೋದರು” ಎಂದರು. ಹೇಳಬೇಕಾದ್ದನ್ನು ಹೇಳಿದೆ. ಆಮೇಲೆ ಅವರೇ ಮಾತಾಡಿದರು, ಕಲ್ಲು ಒಡೆಯುವ ಹಾಗೆ ಸಣ್ಣ ಸಣ್ಣ ವಾಕ್ಯಗಳಲ್ಲಿ.

ಪೆಟ್ಟು ಬಿದ್ದ ಮೇಲೆ ಅಜ್ಜಿಯ ತಲೆಯಿಂದ ಇಟಾಲಿಯನ್ ಪೂರ್ತಿ ಅಳಿಸಿಹೋಗಿತ್ತಂತೆ. ಆಸ್ಪತ್ರೆಯಲ್ಲಿ ಏನು ಕೇಳಿದರೂ ಉತ್ತರ ಫುರ್ಲಾನಿನಲ್ಲೇ. ದಕ್ಷಿಣ ಇಟಲಿಯ ಡಾಕ್ಟರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಕಣ್ಣೂ ಮಂಜಾಗಿತ್ತು. ಮೇಸ್ತ್ರಿ ಮೊದಲ ದಿನ ಮಂಚದ ಹತ್ತಿರ ಹೋಗಿ ನಿಂತರಂತೆ. ವರ್ಷಗಟ್ಟಲೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದೇ ಬಾಯಿಗೆ ಬಂತು.

“ಅಮ್ಮಾ, ನಿಮ್ಮಲ್ಲಿ ಬಿಸಿಲು ಬಂದಿದೆಯೇ, ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. ‘ಬಂದೆಯಾ, ಮಸ್ಕತ್ತಿನವನೇ’ ಎಂದರು.”

“ಮಸ್ಕತ್ತಿನವನಲ್ಲ, ಮಗ ಅಂತ ಹೇಳಲಿಲ್ಲವಾ?”

“ಹೇಳಲು ಹೊರಟೆ. ಹೇಳಿದರೆ ನಿಲ್ಲಿಸಿಬಿಟ್ಟರೆ?” ಎಂದರು. “ಐದು ತಿಂಗಳು ನಾನು ನೀನಾಗಿಯೇ ಇದ್ದೆ. ದಿನವೂ ಮಾತಾಡಿದರು. ತಮ್ಮ ಮದುವೆ, ಅಪ್ಪನ ಕುಡಿತ, ನಾನು ಹುಟ್ಟಿದ ದಿನದ ಹಿಮ, ಎಲ್ಲ. ನನ್ನ ಬಗ್ಗೆ ನನಗೇ ಹೇಳಿದರು. ಮಗ ಒಳ್ಳೆಯ ಕೆಲಸಗಾರ ಎಂದರು.”

ಊಟದ ಕೋಣೆಯಲ್ಲಿ ಹೆಂಡತಿ, ಮಗಳು ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟೆ, ಯಾವಾಗಲೂ ಇಡುತ್ತಿದ್ದ ಜಾಗದಲ್ಲಿ.

“ಕೊನೆಯ ವಾರ ಒಂದು ದಿನ ಹೇಳಿದರು, ‘ಎಷ್ಟು ಚೆನ್ನಾಗಿ ಕಲಿತುಬಿಟ್ಟೆಯೋ, ನಮ್ಮ ಊರಲ್ಲೇ ಹುಟ್ಟಿದವನ ಹಾಗೆ ಆಡುತ್ತೀ. ನನ್ನ ಮಗ ಬರುತ್ತಾನೆ, ಅವನಿಗೆ ಈ ಮಾತು ತಪ್ಪಿಹೋಗಿದೆ. ಹಟ ಮಾಡಿ ತಪ್ಪಿಸಿದವಳು ನಾನೇ. ನೀನು ಅವನಿಗೆ ಹೇಳಿಕೊಡುತ್ತೀಯಾ?’”

“ಏನಂದಿರಿ?”

“ಹೇಳಿಕೊಡುತ್ತೇನೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಹೊರಗಿನವನು, ಮರೆತುಬಿಡುತ್ತೀ, ಕೈ ಎತ್ತಿ ಆಣೆ ಮಾಡು ಎಂದರು.”

ಮಗಳು ಫೋನಿನ ಹತ್ತಿರಕ್ಕೆ ಬಗ್ಗಿದಳು.

“ಎತ್ತಿದೆ” ಎಂದರು ಮೇಸ್ತ್ರಿ. “ಬಲಗೈ.”